ಕೊಳಗ ಯಾರ ಕೈಯಲ್ಲಿತ್ತು?

1956ರ ನವೆಂಬರ್ 1ರಂದು ಮುಂಬೈ, ಹೈದರಾಬಾದ್, ಮದ್ರಾಸ್ ರಾಜ್ಯಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳಲ್ಲಿ ಬಹುಪಾಲು, ಜೊತೆಗೆ ಕೊಡಗು, ಹಳೇ ಮೈಸೂರಿನೊಂದಿಗೆ ಸೇರಿದವು. ನಾಡೇನೋ ಸೇರಿತು, ಸೇರು ಮಾತ್ರ ಒಂದಾಗಿರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಸೇರೆಂದರೆ 80 ತೊಲ, ಅಂದರೆ ಸುಮಾರು 933 ಗ್ರಾಂ. ಹಳೇ ಮೈಸೂರಿನ ಕಚ್ಚಾ ಸೇರು 24 ರೂಪಾಯಿ ತೂಕ, 280 ಗ್ರಾಂ ಆದರೆ ಹೆಚ್ಚು. ಅದೇ ಹೆಸರು ಕೆಲವು ಕಡೆ ತೂಕಕ್ಕೆ, ಕೆಲವು ಕಡೆ ಧಾನ್ಯ ಅಳೆಯುವ ಪಾತ್ರೆಗೆ. 1800ರಲ್ಲಿ ಈ ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕನನ್, ಹೋದ ಊರುಗಳಲ್ಲೆಲ್ಲ ಅಲ್ಲಲ್ಲಿನ ಅಳತೆಗಳನ್ನು ಮತ್ತೆ ಮತ್ತೆ ಬರೆದುಕೊಳ್ಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಏಕೀಕರಣವಾಗಿ ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 28ರಂದು, ದೇಶಕ್ಕೆಲ್ಲ ಮೆಟ್ರಿಕ್ ಪದ್ಧತಿ ತರುವ ತೂಕ ಮತ್ತು ಅಳತೆ ಕಾಯ್ದೆ ಬಂತು.

ಈ ಬದಲಾವಣೆಯ ಕಥೆಯನ್ನು ವಿಜ್ಞಾನಕ್ಕೂ ಅಜ್ಞಾನಕ್ಕೂ ನಡೆದ ಜಗಳದಂತೆ ಹೇಳುವುದು ಸುಲಭ. ಓದಲು ಶುರುಮಾಡಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹಳೆಯ ಲೆಕ್ಕಕ್ಕೆ ತನ್ನದೇ ಬುದ್ಧಿಯಿತ್ತು. ರೂಪಾಯಿಗೆ ಹದಿನಾರು ಆಣೆ, ಸೇರಿಗೆ ಹದಿನಾರು ಚಟಾಕು. ಹದಿನಾರನ್ನು ಅರ್ಧ ಮಾಡಿದರೆ ಎಂಟು, ಮತ್ತೆ ನಾಲ್ಕು, ಎರಡು, ಒಂದು. ಬಟ್ಟುಗಳೆಲ್ಲ ಇಲ್ಲದಿದ್ದರೂ ತಕ್ಕಡಿಯ ಎರಡು ತಟ್ಟೆಗೆ ಸರಿಸಮ ಹಂಚುತ್ತ ಹೋದರೆ ಸಾಕು, ಪಾಲು ಸಿದ್ಧ. ನೂರನ್ನು ಹಾಗೆ ಒಡೆಯಿರಿ: ಐವತ್ತು, ಇಪ್ಪತ್ತೈದು, ಮೂರನೆಯ ಸಲಕ್ಕೆ ಹನ್ನೆರಡೂವರೆ. ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ಬಾಯಿಪಾಠ ಮಾಡಿದವರಿಗೆ ದಶಮಾಂಶದ ಚುಕ್ಕೆಯೇ ತೊಡಕಿನದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಒಂದು ಕೈಯ ಲೆಕ್ಕ, ಇನ್ನೊಂದು ಕಾಗದದ ಲೆಕ್ಕ.

ಖಂಡುಗವನ್ನೇ ನೋಡಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅದು ಧಾನ್ಯದ ಅಳತೆ, ಭೂಮಿಯ ಅಳತೆಯೂ ಹೌದು: ಒಂದು ಖಂಡುಗ ಬೀಜ ಹಿಡಿಯುವಷ್ಟು ನೆಲ. ಗದ್ದೆಯ ಖಂಡುಗವೇ ಬೇರೆ, ಹೊಲದ ಖಂಡುಗವೇ ಬೇರೆ. ಸರ್ವೆಯವನಿಗೆ ಇದು ತಲೆನೋವು. ರೈತನಿಗೆ ಎಷ್ಟು ಬಿತ್ತಬೇಕೆಂಬ ಸುದ್ದಿ ಆ ಹೆಸರಿನಲ್ಲೇ ಇತ್ತು. ಹೆಕ್ಟೇರು ಆ ಸುದ್ದಿ ಹೇಳುವುದಿಲ್ಲ.

ಹಾಗೆಂದು ಹಳೆಯದಕ್ಕೆ ಮರುಗುತ್ತ ಕೂರಲು ನನಗೆ ಮನಸ್ಸಿಲ್ಲ. ಕೊಳಗವನ್ನು ತಲೆ ಸವರಿ ಅಳೆಯಬಹುದು, ಗೋಪುರದ ಹಾಗೆ ಗುಪ್ಪೆ ಹಾಕಿಯೂ ಅಳೆಯಬಹುದು. ಕಾಳನ್ನು ಮೆಲ್ಲಗೆ ಸುರಿದರೆ ಒಂದು ಅಳತೆ, ಕುಲುಕಿ ಅದುಮಿದರೆ ಇನ್ನೊಂದು. ಸಾಲವಾಗಿ ಭತ್ತ ಕೊಡುವಾಗ ಸವರಿ, ಸುಗ್ಗಿಯಲ್ಲಿ ವಸೂಲಿ ಮಾಡುವಾಗ ಗುಪ್ಪೆ ಹಾಕಿ ಅಳೆಯುವ ಧಣಿಯ ಮುಂದೆ ಗೇಣಿದಾರ ಏನು ಹೇಳಿಯಾನು? ಎರಡೂ ಸಲ ಕೊಳಗ ಒಂದೇ. ಊರಿಗೊಂದು ಅಳತೆ ಇದ್ದಾಗ ಯಾವುದು ಸರಿ ಎಂದು ತೀರ್ಮಾನಿಸುವವನು ಕೊಳಗ ಹಿಡಿದವನೇ. ಮುದ್ರೆ ಒತ್ತಿದ ಕಿಲೋ ಬಟ್ಟು ಮೋಸವನ್ನು ಪೂರಾ ತಪ್ಪಿಸಲಿಲ್ಲ, ನಿಜ. ಆದರೆ ಜಗಳ ಬಂದರೆ ತೋರಿಸಲು ಊರಾಚೆಗೆ ಒಂದು ಪ್ರಮಾಣ ಇದೆ ಎಂದಾಯಿತು.

ಹೀಗೊಂದು ಪ್ರಯತ್ನ ಬ್ರಿಟಿಷರ ಕಾಲದಲ್ಲೇ ನಡೆದಿತ್ತು. 1871ರ ಕಾಯ್ದೆಯಲ್ಲಿ ಸೇರನ್ನು ಕಿಲೋಗ್ರಾಂಗೆ ಸಮ ಮಾಡಿದ್ದರು, ಹೆಸರು ನಮ್ಮದು, ತೂಕ ಫ್ರಾನ್ಸಿನದು. ಜಾಣ ಉಪಾಯವೇ. ಆದರೆ ಅದು ಜಾರಿಗೇ ಬರಲಿಲ್ಲ.

ಸ್ವತಂತ್ರ ಭಾರತ ಮೊದಲು ಕೈಹಾಕಿದ್ದು ನಾಣ್ಯಕ್ಕೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆ. ಹಳೆಯ ಪೈಸೆ ರೂಪಾಯಿಗೆ 64 ಇದ್ದುದರಿಂದ ಈ ‘ನಯಾ’ ಬೇಕಾಯಿತು, 1964ರವರೆಗೂ ಉಳಿಯಿತು. ತೊಡಕಿದ್ದದ್ದು ಚಿಲ್ಲರೆಯಲ್ಲಿ. ಒಂದಾಣೆಗೆ ಸರಿಯಾಗಿ ಆರೂಕಾಲು ನಯಾ ಪೈಸೆ. ಕಾಲು ಪೈಸೆಯ ನಾಣ್ಯವೇ ಇಲ್ಲ. ಪರಿವರ್ತನೆಯ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಒಂದೊಂದಾಣೆಯ ಸಾಮಾನನ್ನು ನಾಲ್ಕು ಸಲ ಕೊಂಡರೆ 24 ಕೊಟ್ಟರಾಯಿತು, ವ್ಯಾಪಾರಿಗೆ ಒಂದು ಪೈಸೆ ಕಡಿಮೆ. ಅವನು ಆರರ ಬದಲು ಏಳು ಕೇಳಿದರೆ 28, ಕೊಳ್ಳುವವರಿಗೆ ಮೂರು ಪೈಸೆ ಹೆಚ್ಚು. ಒಟ್ಟಿಗೆ ಕೊಳ್ಳುವ ಉಳ್ಳವರಿಗೆ ಇದು ಲೆಕ್ಕಕ್ಕಿಲ್ಲ. ಇವತ್ತಿನ ಕೂಲಿಯಲ್ಲಿ ಇವತ್ತಿನ ಎಣ್ಣೆ, ಉಪ್ಪು ಕೊಳ್ಳುವವರಿಗೆ ದಿನವೂ ಲೆಕ್ಕ. ದಶಮಾಂಶದ ಬಗೆಗಿನ ಅನುಮಾನವನ್ನು ಬರೀ ಮೌಢ್ಯ ಎಂದು ತಳ್ಳಿಹಾಕುವವರು ಈ ಮೂರು ಪೈಸೆಯನ್ನು ಮರೆಯುತ್ತಾರೆ.

ತೂಕದ ಸರದಿ 1958ರ ಅಕ್ಟೋಬರ್ 1ರಿಂದ, ಹಂತಹಂತವಾಗಿ. 1962ರ ಹೊತ್ತಿಗೆ ಸೇರು, ಮಣಗಳು ಕಾನೂನಿನ ಪ್ರಕಾರ ಅಂಗಡಿಯಿಂದ ಹೊರಬಿದ್ದವು. ಹೊರಬಿದ್ದವು ಅನ್ನುವುದೂ ಅರ್ಧ ನಿಜ. ಕಿಲೋಗೆ ಹೊಂದಿಕೊಂಡ ನಮ್ಮ ಪಹಣಿಯಲ್ಲಿ ಇವತ್ತಿಗೂ ಎಕರೆ, ಗುಂಟೆ. ಬೆಂಗಳೂರಿನ ಸೈಟು ಮೂವತ್ತು-ನಲವತ್ತು ಅಡಿ. ಐವತ್ತು ಪೈಸೆಗೆ ಎಂಟಾಣೆ ಎಂದು ಕರೆಯುತ್ತಿದ್ದವರಲ್ಲಿ ಎಷ್ಟೋ ಜನ ಆಣೆಯನ್ನು ಕಣ್ಣಿಂದ ಕಂಡವರೇ ಅಲ್ಲ. ನಮ್ಮ ಮನೆಯ ಅಕ್ಕಿ ಡಬ್ಬದೊಳಗೆ ಅಜ್ಜಿಯ ಹಿತ್ತಾಳೆ ಪಾವು ಇದೆ. ಅಕ್ಕಿ ಬರುವುದು ಕಿಲೋ ಲೆಕ್ಕದಲ್ಲಿ, ಬೇಯುವುದು ಪಾವಿನ ಲೆಕ್ಕದಲ್ಲಿ. ಇನ್ನು ಮಲ್ಲಿಗೆ ಮಾರುವವರ ಮೊಳಕ್ಕೆ ಯಾವ ಕಾಯ್ದೆಯೂ ಮುದ್ರೆ ಒತ್ತಿಲ್ಲ. ಉದ್ದ ಕೈಯವರು ಯಾರೆಂದು ನೋಡಿಕೊಂಡೇ ಅಮ್ಮ ಹೂವು ಕೊಳ್ಳುತ್ತಾಳೆ.