ಕರು ಹಾಕಿದ ಹಸುವಿಗೆ ‘ಟಾನಿಕ್ ಇಂಜೆಕ್ಷನ್’: ಹಾಲು ನಿಜವಾಗಿಯೂ ದುಪ್ಪಟ್ಟಾಗುತ್ತದೆಯೇ?

“ಕರು ಹಾಕಿದ ದಿನವೇ ಟಾನಿಕ್ ಇಂಜೆಕ್ಷನ್ ಹಾಕಿಸಿ, ಹಾಲು ದುಪ್ಪಟ್ಟಾಗುತ್ತೆ, ಹಸು ನೆಲ ಹಿಡಿಯಲ್ಲ” ಎಂಬ ಧಾಟಿಯ ಮಾತು ಹೈನುಗಾರರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಳೆ ಕೈಕೊಟ್ಟ ವರ್ಷ ಎಷ್ಟೋ ಮನೆ ನಡೆಯುವುದು ಡೇರಿ ದುಡ್ಡಿನಲ್ಲೇ. ಹಾಗಾಗಿ ಇದನ್ನು ಬಿಡಿಸಿ ನೋಡೋಣ.

ಇಂಥ ಇಂಜೆಕ್ಷನ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದರಲ್ಲಿ ಬ್ಯೂಟಾಫಾಸ್ಫಾನ್ ಎಂಬ ರಂಜಕದ ಸಂಯುಕ್ತ ಮತ್ತು ವಿಟಮಿನ್ ಬಿ12 ಇರುತ್ತವೆ. ಕರು ಹಾಕಿದ ಹೊಸದರಲ್ಲಿ ಹಸು ತಿಂದು ಪಡೆಯುವುದಕ್ಕಿಂತ ಹೆಚ್ಚು ಶಕ್ತಿ ಹಾಲಿಗೆ ಹೋಗುತ್ತದೆ. ಕೊರತೆ ತುಂಬಲು ಮೈಕೊಬ್ಬು ಕರಗುತ್ತದೆ. ಇದು ಅತಿಯಾದರೆ ಕೀಟೋಸಿಸ್: ಹಸು ಹಿಂಡಿ ಬಿಡುತ್ತದೆ, ಹಾಲು ಇಳಿಯುತ್ತದೆ. ಲಿವರ್ ಗ್ಲೂಕೋಸ್ ತಯಾರಿಸಲು ಬಿ12 ಬೇಕು. ಹಾಗಾಗಿ ಇಂಜೆಕ್ಷನ್‌ಗೆ ಅರ್ಥವಿಲ್ಲದಿಲ್ಲ. ಕೆಲವು ಅಧ್ಯಯನಗಳಲ್ಲಿ ಕೀಟೋಸಿಸ್ ಕಡಿಮೆಯಾಗಿದೆ, ಕೆಲವದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ‘ದುಪ್ಪಟ್ಟು ಹಾಲು’ ಮಾತ್ರ ಸುಳ್ಳು.

ನಮಗೆ ಹೆಚ್ಚು ಆತಂಕ ತರುವುದು ‘ನೆಲ ಹಿಡಿಯಲ್ಲ’ ಎಂಬ ಭಾಗ. ಕರು ಹಾಕಿ 2-3 ದಿನದೊಳಗೆ ಹಸು ಕುಸಿದರೆ ಸಾಮಾನ್ಯ ಕಾರಣ ಹಾಲು ಜ್ವರ. ಹೆಸರಲ್ಲಷ್ಟೇ ಜ್ವರ, ಕಿವಿ ಮುಟ್ಟಿದರೆ ತಣ್ಣಗಿರುತ್ತದೆ, ಕತ್ತು ಪಕ್ಕೆಗೆ ವಾಲಿರುತ್ತದೆ. ಹಸುವಿನ ರಕ್ತದಲ್ಲಿ ಒಟ್ಟು ಇರುವುದು ಸುಮಾರು 3 ಗ್ರಾಂ ಕ್ಯಾಲ್ಸಿಯಂ. 10 ಲೀಟರ್ ಗಿಣ್ಣು ಹಾಲಿನಲ್ಲಿ 20 ಗ್ರಾಂಗೂ ಹೆಚ್ಚು ಹೊರಹೋಗುತ್ತದೆ! ಮೂಳೆಯಿಂದ ಬೇಗ ಬರದಿದ್ದರೆ ಹಸು ಏಳಲಾರದು. ಹೆಚ್ಚು ಹಾಲಿನ ಮಿಶ್ರತಳಿಗಳಲ್ಲಿ, ಮೂರನೇ ಕರುವಿನ ನಂತರ ಇದು ಜಾಸ್ತಿ. ಕಡಿಮೆ ಹಾಲಿನ ನಾಟಿ ಹಸುಗಳಲ್ಲಿ ಅಪರೂಪ. ರಂಜಕ-ಬಿ12 ಇಂಜೆಕ್ಷನ್ ಇಲ್ಲಿ ಕ್ಯಾಲ್ಸಿಯಂನ ಜಾಗ ತುಂಬುವುದಿಲ್ಲ.

ಹಾಗಾದರೆ ಗಬ್ಬದ ಹಸುವಿಗೆ ಮೊದಲೇ ಕ್ಯಾಲ್ಸಿಯಂ ಟಾನಿಕ್ ಕುಡಿಸಿದರೆ? ಇದು ಉಲ್ಟಾ ಹೊಡೆಯಬಹುದು. ವಾರಗಟ್ಟಲೆ ಹೊರಗಿನಿಂದ ಸಿಕ್ಕರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ವ್ಯವಸ್ಥೆ ಮಂದವಾಗುತ್ತದೆ. ಶೇಂಗಾ ಬಳ್ಳಿಯಂಥ ದ್ವಿದಳ ಮೇವಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಚಳ್ಳಕೆರೆಯಂಥ ಶೇಂಗಾ ಸೀಮೆಯಲ್ಲಿ ಕೊನೆಯ 3 ವಾರ ಅದನ್ನು ಕಡಿಮೆ ಮಾಡಿ, ಜೋಳದ ಸೊಪ್ಪೆ ಹೆಚ್ಚಿಸುವುದು ಒಳ್ಳೆಯದು. ಖನಿಜ ಮಿಶ್ರಣ ಯಾವುದು, ಎಷ್ಟು ಎಂದು ಪಶುವೈದ್ಯರನ್ನೇ ಕೇಳಿ.

ಹಸು ಮಲಗಿಬಿಟ್ಟರೆ ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯಬಹುದು. ಪಕ್ಕಕ್ಕೆ ಮೂಟೆ ಇಟ್ಟು ಎದೆಯ ಮೇಲೆ ಕೂರಿಸಿ, ಆಗಾಗ ಮಗ್ಗುಲು ಬದಲಿಸಿ. ತಡವಾದರೆ ತನ್ನ ಭಾರಕ್ಕೇ ಕಾಲಿನ ಮಾಂಸಖಂಡ ಜಜ್ಜಿ, ಕ್ಯಾಲ್ಸಿಯಂ ಕೊಟ್ಟರೂ ಹಸು ಏಳದಿರಬಹುದು. ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸುವುದು ವೈದ್ಯರ ಕೆಲಸ. ವೇಗ ಹೆಚ್ಚಾದರೆ ಹೃದಯವೇ ನಿಲ್ಲುತ್ತದೆ. ಪಶು ಸಹಾಯವಾಣಿ: 1962.