ಸಂಗಮದ ಕಲ್ಲು, ಭಾನುವಾರದ ಟ್ಯೂಷನ್

ಭಾನುವಾರ ಬೆಳಗ್ಗೆ ನಂಜನಗೂಡಿನಿಂದ ಟಿ. ನರಸೀಪುರದ ಬಸ್ಸು ಹತ್ತುತ್ತೇನೆ. ಅಲ್ಲಿ ಹತ್ತನೇ ತರಗತಿಯ ಹನ್ನೊಂದು ಮಕ್ಕಳಿಗೆ ಗಣಿತ, ವಿಜ್ಞಾನದ ಟ್ಯೂಷನ್. ನನ್ನದು ಭೂವಿಜ್ಞಾನದಲ್ಲಿ ಪಿಎಚ್‌ಡಿ. ಸರಗೂರು ಸೀಮೆಯ, ಮುನ್ನೂರು ಕೋಟಿ ವರ್ಷಕ್ಕೂ ಹಳೆಯ ಶಿಲೆಗಳ ಮೇಲೆ. ಫೆಲೋಶಿಪ್ಪಿಗೆ ಐದು ವರ್ಷದ ಮಿತಿ. ಕಳೆದ ಜೂನ್‌ಗೆ ಅದು ಮುಗಿಯಿತು, ಥೀಸಿಸ್ ಮುಗಿಯಲಿಲ್ಲ. "ನಿನ್ನ ಟ್ಯೂಷನ್ ಹೇಗೆ ನಡೀತಿದೆಯಮ್ಮಾ?" ಎಂದು ಗೈಡ್ ಕೇಳುತ್ತಾರೆ. ನಗುತ್ತಲೇ ಕೇಳುತ್ತಾರೆ, ಆದರೂ ಚುಚ್ಚುತ್ತದೆ.

ಹಾಗೆ ಚುಚ್ಚಿಸಿಕೊಂಡ ದಿನಗಳಲ್ಲೇ ರಾಬರ್ಟ್ ಬ್ರೂಸ್ ಫೂಟ್‌ನ ಬದುಕನ್ನು ಮತ್ತೆ ಓದಿದೆ. ನಮ್ಮ ವಿಷಯದವರಿಗೆ ಆತ ಪರಿಚಿತ. ಧಾರವಾಡ ಶಿಲಾಸ್ತೋಮಕ್ಕೆ ಆ ಹೆಸರಿಟ್ಟವನು. ನನ್ನ ಮೊದಲ ಅಧ್ಯಾಯದಲ್ಲೂ ಇದ್ದಾನೆ. 1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಿದ. ದಕ್ಷಿಣ ಭಾರತದ ಶಿಲೆಗಳ ನಕ್ಷೆ ಮಾಡುವುದು ಕೆಲಸ.

ಆದರೆ 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಆತನಿಗೆ ಒಂದು ಕಲ್ಲು ಸಿಕ್ಕಿತು, ಮನುಷ್ಯ ಒಡೆದು ಹದ ಮಾಡಿದ ಆಯುಧ. ಯುರೋಪಿನಲ್ಲಿ ಅಂಥ ಕಲ್ಲುಗಳ ಬಗ್ಗೆ ನಡೆಯುತ್ತಿದ್ದ ಚರ್ಚೆಯನ್ನು ಓದಿಕೊಂಡಿದ್ದರಿಂದ ಗುರುತು ಹಿಡಿದ. ಭಾರತದ ಹಳೆ ಶಿಲಾಯುಗದ ಅಧ್ಯಯನ ಶುರುವಾದದ್ದು ಅಲ್ಲಿಂದ. ಮುಂದೆ ಸರ್ವೆಗೆ ಹೋದಲ್ಲೆಲ್ಲ ಕಲ್ಲಿನ ಕೊಡಲಿ, ಮಡಕೆ ಚೂರು ಆರಿಸಿದ; ಎಲ್ಲಿ ಸಿಕ್ಕಿತೆಂದು ಬರೆದಿಟ್ಟ. ಇಲಾಖೆ ಸಂಬಳ ಕೊಡುತ್ತಿದ್ದುದು ಅದಕ್ಕಲ್ಲ.

ಕಪಿಲೆ ಕಾವೇರಿಯನ್ನು ಸೇರುವ ನರಸೀಪುರದ ಸಂಗಮವೂ ಆತನ ಪಟ್ಟಿಯಲ್ಲಿದೆ. ಬಹಳ ಕಾಲದ ಮೇಲೆ, 1960ರ ಆಸುಪಾಸಿನಲ್ಲಿ, ಎಂ. ಶೇಷಾದ್ರಿ ಅವರು ಇಲ್ಲಿ ಉತ್ಖನನ ಮಾಡಿದರು. ವರದಿ 1971ರಲ್ಲಿ ಬಂತು. ನವಶಿಲಾಯುಗದ ಜನರ ನೆಲೆ ಅದು. ಸಿಕ್ಕವುಗಳಲ್ಲಿ ನನಗೆ ಅಚ್ಚುಮೆಚ್ಚು ಸುಟ್ಟ ಮಣ್ಣಿನ ತಲೆದಿಂಬು. ಇದೇ ತಾಲ್ಲೂಕಿನ ಹೆಮ್ಮಿಗೆಯಲ್ಲೂ ಅಂಥದ್ದು ಸಿಕ್ಕಿದೆ. ಇದನ್ನು ಹೇಳಿದಾಗ ಮಕ್ಕಳು "ಮಣ್ಣಿನ ಮೇಲೆ ತಲೆಯಿಟ್ಟು ಮಲಗೋದಾ ಮಿಸ್!" ಎಂದು ಬಿದ್ದುಬಿದ್ದು ನಕ್ಕರು. ಒಬ್ಬಳು ಮಾತ್ರ ನಗದೆ ಕೇಳಿದಳು: "ಕಲ್ಲು ಆರಿಸಿದ್ದಕ್ಕೆ ಫೂಟ್‌ಗೆ ದುಡ್ಡು ಕೊಟ್ಟರಾ ಮಿಸ್?"

ಕೊಟ್ಟರು, ತಡವಾಗಿ. 1904ರಲ್ಲಿ ಮದ್ರಾಸ್ ಸರ್ಕಾರ ಆ ಸಂಗ್ರಹವನ್ನು ಅಲ್ಲಿನ ಮ್ಯೂಸಿಯಮ್ಮಿಗಾಗಿ 40,000 ರೂಪಾಯಿಗೆ ಕೊಂಡಿತು. 1912ರಲ್ಲಿ ಫೂಟ್ ತೀರಿಕೊಂಡ ಮೇಲೆ ಅದರ ಪಟ್ಟಿಯೂ ಟಿಪ್ಪಣಿಗಳೂ ಅಚ್ಚಾದವು.

ಆ ಪ್ರಶ್ನೆ ಬಸ್ಸಿನಲ್ಲೂ ನನ್ನನ್ನು ಬಿಡಲಿಲ್ಲ. ಸಂಶೋಧನೆಯ ಜೊತೆಗೆ ಬೇರೇನಾದರೂ ಮಾಡುವವರನ್ನು ಹುರಿದುಂಬಿಸಲು ಫೂಟ್‌ನಂಥವರ ಕಥೆ ಹೇಳುವುದುಂಟು. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಆತನ ಹವ್ಯಾಸಕ್ಕೆ ಸಂಬಳದ ನೆರಳಿತ್ತು, ಸರ್ವೆಯ ದಾರಿಯೇ ಹುಡುಕಾಟದ ದಾರಿಯಾಗಿತ್ತು, ಬಿಳಿಯ ಅಧಿಕಾರಿಗೆ ಊರುಗಳು ತೆರೆದುಕೊಳ್ಳುತ್ತಿದ್ದವು. ನನ್ನದು ತಿರುಗುಮುರುಗು. ಹನ್ನೊಂದು ಮಕ್ಕಳು ತಲಾ 500 ರೂಪಾಯಿ ಕೊಟ್ಟರೆ ಶಿಲೆಯ ಮಾದರಿಗಳ ಪರೀಕ್ಷೆಯ ಶುಲ್ಕಕ್ಕೆ ಅಷ್ಟಿಷ್ಟು ಆಗುತ್ತದೆ. ಇದನ್ನು ಹವ್ಯಾಸ ಎನ್ನಲು ನಾಲಿಗೆ ಬರುವುದಿಲ್ಲ.

ಆದರೂ ಒಂದು ಮಾತು ಒಪ್ಪಬೇಕು. ಟ್ಯೂಷನ್ ಇಲ್ಲದಿದ್ದರೆ ನಾನು ಸಂಗಮದ ದಂಡೆಗೆ ಹೋಗುತ್ತಲೇ ಇರಲಿಲ್ಲ. ನನ್ನ ಶಿಲೆಗಳ ಲೆಕ್ಕ ಕೋಟಿ ವರ್ಷಗಳದ್ದು. ಮೂರೂವರೆ ಸಾವಿರ ವರ್ಷದ ಹಿಂದಿನ ಮಣ್ಣಿನ ದಿಂಬು ಅದರಲ್ಲಿ ಧೂಳಿನ ಕಣವೂ ಅಲ್ಲ. ಈಗ ಪಾಠ ಮುಗಿದ ಮೇಲೆ ಅರ್ಧ ಗಂಟೆ ಮಕ್ಕಳೊಂದಿಗೆ ಹೊಳೆ ದಂಡೆಯಲ್ಲಿ ಓಡಾಡುತ್ತೇನೆ. ಯಾವ ಕಲ್ಲು ಎಲ್ಲಿಂದ ಉರುಳಿ ಬಂದಿರಬಹುದೆಂದು ಅವರು ಊಹಿಸುತ್ತಾರೆ, ನಾನು ತಿದ್ದುತ್ತೇನೆ.

ಮಾರ್ಚ್‌ನಲ್ಲಿ ಅವರ ಪರೀಕ್ಷೆ. ನನ್ನ ಥೀಸಿಸ್ಸಿನ ಗಡುವೂ ಮಾರ್ಚ್ ಕೊನೆಗೆ. ಇನ್ನು ಬುಧವಾರವೂ ಬಂದರೆ ಒಳ್ಳೆಯದೆಂದು ಪೋಷಕರು ಕೇಳಿದ್ದಾರೆ. ಗೈಡ್‌ಗೆ ಹೇಳಿಲ್ಲ; ಅವರಿಗೂ ಇನ್ನೂ ಉತ್ತರ ಕೊಟ್ಟಿಲ್ಲ.