ಗುಂಡು ಒತ್ತಿದ ಗುರುತು

ಮನೆಯ ನೀರಿನ ಪಂಪಿಗೆ ಮೊದಲ ಸಲ ನಾನೇ ಬೇರಿಂಗ್ ಹಾಕಿದಾಗ ಸುತ್ತಿಗೆಯಿಂದ ಹೊಡೆದು ಕೂರಿಸಿದ್ದೆ. ಸಲೀಸಾಗಿ ಕೂತಿತು. ಮಾರನೆಯ ದಿನವೇ ಮೋಟರು ಗೊರಗೊರ ಎನ್ನತೊಡಗಿತು. ತಪ್ಪೇನೆಂದು ತಿಳಿಯಲು ನಾನು ಬೇರಿಂಗಿನ ಚರಿತ್ರೆಯನ್ನೇ ಓದಬೇಕಾಯಿತು.

ಗುಂಡುಗಳ ಮೇಲೆ ಗಾಲಿ ಉರುಳಿಸುವ ಉಪಾಯ ಹಳೆಯದು. ವೇಲ್ಸಿನ ಫಿಲಿಪ್ ವಾನ್ ಗಾಡಿಯ ಅಚ್ಚಿಗೆ ಗುಂಡು ತುಂಬುವ ವಿನ್ಯಾಸಕ್ಕೆ 1794ರಲ್ಲೇ ಪೇಟೆಂಟ್ ಪಡೆದಿದ್ದ. ತೊಡಕು ಇದ್ದದ್ದು ಅಳತೆಯಲ್ಲಿ. ಗುಂಡುಗಳಲ್ಲಿ ಒಂದು ಕೂದಲೆಳೆಯಷ್ಟು ದಪ್ಪವಿದ್ದರೂ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. 1883ರಲ್ಲಿ ಜರ್ಮನಿಯ ಶ್ವೈನ್‌ಫುರ್ಟ್ ಊರಿನ ಫ್ರೀಡ್ರಿಕ್ ಫಿಷರ್, ಗಡಸು ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಸಾಣೆ ಹಿಡಿಯುವ ಯಂತ್ರ ಮಾಡಿದ. ಅದು ಸೈಕಲ್ಲುಗಳ ಕಾಲ, ಗಿರಾಕಿಗಳಿಗೆ ಬರವಿರಲಿಲ್ಲ.

ಇಷ್ಟು ದುಂಡಗಿನ, ಇಷ್ಟು ಗಟ್ಟಿಯಾದ ಗುಂಡಿಗೆ ಇನ್ನೊಂದು ಕೆಲಸವೂ ಸಿಕ್ಕಿತು. ಅದನ್ನು ಲೋಹದ ಮೇಲೆ ಒತ್ತಿ, ಬಿದ್ದ ಗುಳಿಯ ಅಗಲದಿಂದ ಗಡಸುತನ ಅಳೆಯುವ ವಿಧಾನವನ್ನು ಸ್ವೀಡನ್ನಿನ ಬ್ರಿನೆಲ್ 1900ರಲ್ಲಿ ಲೋಕದ ಮುಂದಿಟ್ಟ. ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ನಾನು ಮಾಡಿದ್ದೂ ಅದೇ ಪ್ರಯೋಗ! ಶಾಫ್ಟನ್ನು ಬಿಗಿಯಾಗಿ ಹಿಡಿಯುವುದು ಬೇರಿಂಗಿನ ಒಳಬಳೆ. ನಾನು ಹೊಡೆದದ್ದು ಹೊರಬಳೆಗೆ. ಪೆಟ್ಟು ಗುಂಡುಗಳ ಮೂಲಕ ಹಾದು, ಅವು ಓಡುವ ತೋಡಿನಲ್ಲಿ ಗುಳಿ ಬೀಳಿಸಿತ್ತು. ಎಂಜಿನಿಯರುಗಳು ಈ ಬಗೆಯ ಗುಳಿಗೆ ಇಂದಿಗೂ ‘ಬ್ರಿನೆಲಿಂಗ್’ ಎನ್ನುತ್ತಾರೆ.

ಎರಡನೆಯ ಸಲ ಅವಸರ ಮಾಡಲಿಲ್ಲ. ಪುಲ್ಲರ್ ಕೊಳ್ಳಲೂ ಇಲ್ಲ. ಬೇರಿಂಗಿನ ಹಿಂದೆ ಎರಡು ಕಬ್ಬಿಣದ ಪಟ್ಟಿ, ಶಾಫ್ಟಿನ ತುದಿಗೆ ಅಡ್ಡಲಾಗಿ ಒಂದು, ನಡುವೆ ಎರಡು ಉದ್ದನೆಯ ಬೋಲ್ಟು. ನಟ್ಟುಗಳನ್ನು ಸರದಿಯಂತೆ ಕಾಲು ಕಾಲು ಸುತ್ತು ಬಿಗಿದಾಗ ಹಾಳಾದದ್ದು ಕಿರ್ರೆನ್ನುತ್ತ ಜಾರಿ ಬಂತು. ಮೇಲೆ 6203 ಎಂದು ಕೆತ್ತಿತ್ತು: ಒಳ ಅಳತೆ 17 ಮಿಲಿಮೀಟರ್, ಹೊರಗೆ 40, ದಪ್ಪ 12. ಅಂಗಡಿಯಲ್ಲಿ ಆ ಸಂಖ್ಯೆ ಹೇಳಿದರೆ ಸಾಕು, ಮೋಟರು ಯಾವ ಕಂಪನಿಯದೆಂದು ಯಾರೂ ಕೇಳುವುದಿಲ್ಲ.

ಹೊಸದನ್ನು ಹಳೆಯ 100 ವ್ಯಾಟಿನ ಬಲ್ಬಿನ ಮೇಲೆ ಕೂರಿಸಿ ಬಿಸಿ ಮಾಡಿದೆ. ನೀರಹನಿ ಚುರ್ರೆನ್ನುವಷ್ಟು ಕಾಯಬಾರದು. 70 ಡಿಗ್ರಿ ಬಿಸಿ ಏರಿದರೆ 17 ಮಿಲಿಮೀಟರಿನ ರಂಧ್ರ ಹಿಗ್ಗುವುದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು; ಅಷ್ಟೇ ಸಾಕಾಯಿತು. ಒಳಬಳೆಗೆ ಮಾತ್ರ ತಾಗುವ ಪೈಪಿನ ತುಂಡಿಟ್ಟು ಮೆಲ್ಲಗೆ ತಟ್ಟಿದೆ.

ಹಾಳಾದ ಬೇರಿಂಗ್ ಈಗಲೂ ನನ್ನ ಮೇಜಿನ ಮೇಲಿದೆ. ಬೆರಳಲ್ಲಿ ತಿರುಗಿಸಿದರೆ ಒಂದೊಂದು ಗುಳಿಯೂ ಟಕ್ ಟಕ್ ಎಂದು ಕೈಗೆ ಸಿಗುತ್ತದೆ.